ಲದ್ದಿಯ ಲೆಕ್ಕ

ಹಸು ಹಾಕಿದರೆ ಸಗಣಿ, ಕುರಿ ಹಾಕಿದರೆ ಹಿಕ್ಕೆ,
ಕುದುರೆ ಹಾಕಿದರೆ ಲದ್ದಿ.
ಸಗಣಿಗೆ ದೀಪಾವಳಿಯಲ್ಲಿ ಚೆಂಡುಹೂ ಮುಡಿಸಿ
ಲಕ್ಕಮ್ಮ ಅನ್ನುತ್ತೇವೆ.
ಲದ್ದಿಗೆ ಹಬ್ಬವಿಲ್ಲ.
ಬುರುಜನಹಟ್ಟಿಯಲ್ಲಿ ಅದಕ್ಕಿರುವುದು
ನನ್ನ ತೂತುಬಿದ್ದ ತಗಡಿನ ಬುಟ್ಟಿ.

ಚಮನ್‌ಸಾಬರ ಬಿಜಲಿ ಮದುವೆ ಕುದುರೆ.
ಬೇಸಿಗೆ ತುಂಬ ಹಣೆಗೆ ಕನ್ನಡಿ ಬಿಲ್ಲೆ, ಕಾಲಿಗೆ ಗೆಜ್ಜೆ,
ಬೆನ್ನ ಮೇಲೆ ಹೆದರಿ ಬೆವರುವ ಮದುಮಗ,
ಕಿವಿಯ ಪಕ್ಕದಲ್ಲೇ ಬ್ಯಾಂಡಿನವರ ಕಹಳೆ.
ಆಷಾಢ ಹೊಕ್ಕರೆ ಎಲ್ಲ ಕಳಚಿಟ್ಟು
ಕೋಟೆ ಗೋಡೆಯ ನೆರಳಿಗೆ ನಿಂತು ಹುಲ್ಲು ಜಗಿಯುತ್ತಾಳೆ,
ನನ್ನ ಬದನೆ ಸಾಲಿಗೆ ಗೊಬ್ಬರದ ಗಿರಣಿ.

ಈ ಸಲ ಸಾಬರು ಬುಟ್ಟಿಗೆ ಕೈ ಅಡ್ಡ ಹಿಡಿದರು.
"ಅಕ್ಕಾ, ಮೊನ್ನೆ ಜಂತಿಗೆ ಔಷಧಿ ಹಾಕೀನಿ.
ಮುಂಗಾಲು ಬಾತಿತ್ತು, ಅದಕ್ಕೊಂದು ಸೂಜಿ ಬ್ಯಾರೆ.
ಸೊಪ್ಪಿಗೆ ಹಾಕಬ್ಯಾಡ್ರಿ."
ಅವರ ಮಗ ಬೆಳಿಗ್ಗೆಯೇ ಎರಡು ಬುಟ್ಟಿ ಕೊಟ್ಟಾಗಿತ್ತು.

ಮನೆಗೆ ಓಡಿದೆ.
ಸಬ್ಬಸಿಗೆ ಮಡಿಯ ಪಕ್ಕ, ಸುರಿದಲ್ಲೇ ಗುಡ್ಡೆ.
ಅದರ ಅಂಚಲ್ಲಿ ಒಂದು ಸಗಣಿಹುಳ
ಅಂಗಾತ ಬಿದ್ದು ಕಾಲಾಡಿಸುತ್ತಿತ್ತು.
ಕಡ್ಡಿಯಿಂದ ಹೊರಳಿಸಿದೆ. ಎರಡು ಹೆಜ್ಜೆ.
ಮತ್ತೆ ಅಂಗಾತ.

ನನಗೆ ಗೊತ್ತಿರುವ ವಿಷಯ ಇದು.
ಟೀಬಿ ಮಾತ್ರೆ ನುಂಗಿದ ಆ ಆರು ತಿಂಗಳು
ಬಚ್ಚಲಲ್ಲಿ ಕೂತರೆ ಕಿತ್ತಳೆ ಬಣ್ಣ ಹರಿಯುತ್ತಿತ್ತು.
ಬಚ್ಚಲ ನೀರು ಹೋಗುವುದು ಕರಿಬೇವಿನ ಬುಡಕ್ಕೆ.
ಅತ್ತೆ ಒಂದು ದಿನ ಕಾಲುವೆಗೆ ಇಟ್ಟಂಗಿ ಅಡ್ಡ ಇಟ್ಟರು.
ಬೈಯಲಿಲ್ಲ, ಬೀದಿಗೆ ಹೇಳಲಿಲ್ಲ,
ಗಂಜಿ ಕಾಯಿಸಿ ಕೊಡುವುದನ್ನು ಬಿಡಲೂ ಇಲ್ಲ.
ಇಟ್ಟಂಗಿ ಮಾತ್ರ.
ಮೈಗೆ ಹೋದದ್ದು ಮೈಯಲ್ಲೇ ಮುಗಿಯುವುದಿಲ್ಲ ಅಂತ
ನನಗೆ ಯಾವ ಡಾಕ್ಟರೂ ಹೇಳಿಕೊಟ್ಟದ್ದಲ್ಲ.

ಗುಡ್ಡೆಯನ್ನು ಸಲಿಕೆಯಿಂದ ಕೆರೆದು ತೆಗೆದೆ,
ಕೆಳಗಿನ ಒಂದು ಗೇಣು ಮಣ್ಣನ್ನೂ.
ಬಾವಿಗೆ ದೂರ, ಹೊಂಗೆಯ ಆಚೆ ಬೇರೆ ತಿಪ್ಪೆ.
ಒಣ ಎಲೆ, ಶೇಂಗಾ ಸಿಪ್ಪೆ, ಲದ್ದಿ, ಮತ್ತೆ ಎಲೆ.
ಮಳೆ ತೊಳೆದುಕೊಂಡು ಹೋಗದಂತೆ ಮೇಲೆ
ಹಳೆಯ ಚುನಾವಣೆಯ ಫ್ಲೆಕ್ಸು,
ಕೈ ಮುಗಿದ ಮುಖ ಒಳಗಡೆಗೆ.
ಆ ವಾರದ ಲದ್ದಿಯೆಲ್ಲ ಅಲ್ಲಿಗೇ ಹೋಯಿತು.
ಗೋಡೆ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದೆ.

ನಾದಿನಿ ನಾಗವೇಣಿಗೆ ನಗು.
"ಗೊಬ್ಬರಕ್ಕೂ ಸೂತಕ ಹಿಡಿಸಿದೆಯಲ್ಲೇ!"
ಹಿಡಿಸಲಿ. ಕಬ್ಬಿಣದ ಸರಳು ಚುಚ್ಚಿ ಎಳೆದರೆ
ಕೈ ಸುಡುವಷ್ಟು ಜ್ವರ ಇತ್ತು ತಿಪ್ಪೆಗೆ.
ಇಳಿದಾಗ ತಿರುವಿದೆ. ಮತ್ತೆ ಏರಿತು.
ಮತ್ತೆ ತಿರುವಿದೆ. ಬೆನ್ನು ನೋವಿಗೆ
ನಾನೂ ಒಂದು ಮಾತ್ರೆ ನುಂಗಿದೆ, ಅದು ಬೇರೆ ಮಾತು.

ಸೊಪ್ಪಿಗೆ ಹೋಗಬೇಕಾದ ಗೊಬ್ಬರವಿಲ್ಲದೆ
ಆ ಸಲ ಮೂಲಂಗಿ ಇಲಿಬಾಲದಷ್ಟು.
ಸಂತೆಯಲ್ಲಿ ಕೊಂಡು ತಂದೆ, ಗೊಣಗುತ್ತಾ.

ಸಂಕ್ರಾಂತಿ ಕಳೆದು ಫ್ಲೆಕ್ಸು ಸರಿಸಿದಾಗ
ಲದ್ದಿಯ ಗುರುತೇ ಇಲ್ಲ, ಮಣ್ಣಿನ ವಾಸನೆ.
ಮೆಂತ್ಯ ಚೆಲ್ಲಿ ನೋಡಿದೆ, ನಾಲ್ಕು ದಿನಕ್ಕೆ ಎದ್ದಿತು.
ಆದರೆ ಮೆಂತ್ಯ ಔಷಧಿಯ ಸುದ್ದಿ ಹೇಳುವುದಿಲ್ಲ,
ಗೊಬ್ಬರ ಕಳಿತಿದೆ ಅನ್ನುತ್ತದೆ, ಅಷ್ಟೇ.
ಇನ್ನೂ ಒಂದಿಷ್ಟು ಅಗೆದೆ. ಕೆಂಪಗೆ, ತಣ್ಣಗೆ,
ಬೆರಳಿಗೆ ಸುತ್ತಿಕೊಂಡಿತು ಎರೆಹುಳ.
ಆದರೂ ಮೊದಲ ಬುಟ್ಟಿ ಕನಕಾಂಬರಕ್ಕೆ.
ಎರಡನೆಯದು ಹೀರೆ ಬುಡಕ್ಕೆ.
ಸೊಪ್ಪಿನ ಮಡಿಗೆ ಮುಂದಿನ ಸಲ ನೋಡೋಣ.

ಸಾಬರು ಬೇಲಿಯಾಚೆ ಬಿಜಲಿಗೆ ಲಾಳ ಕಟ್ಟಿಸುತ್ತಿದ್ದರು,
ಮದುವೆಗಳು ಶುರುವಾಗಿದ್ದವು.
"ಹುಳ ಬಂತೇನಕ್ಕಾ?" ಅಂದರು.
ಹುಳ ಸಾಯಲೆಂದು ದುಡ್ಡು ಕೊಟ್ಟು ಔಷಧಿ ಹಾಕಿದವರು,
ಹುಳ ಬರಲೆಂದು ಆರು ತಿಂಗಳು ಕಾದವಳು,
ಇಬ್ಬರಿಗೂ ನಗು ಬಂತು.

ಬಿಜಲಿ ಬಾಲ ಎತ್ತಿದಳು.
ಬುಟ್ಟಿ ಎಲ್ಲಿಟ್ಟೆ?