ಬೆನ್ನಿನ ದೀಪ

ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು.
ಬ್ಯೂಟ್ ಊರಿನ ಏರಿಳಿತವೆಲ್ಲ
ನನ್ನ ಎಡಮಂಡಿಗೆ ಬಾಯಿಪಾಠ.
ಕೆಲಸ ಮುಗಿದ ಮೇಲೂ ಮನೆಗೆ ಹೋಗದೆ ನಿಂತ
ಗಣಿಯ ಕಬ್ಬಿಣ ಗೋಪುರಗಳ ಕೆಳಗೆ ನನ್ನ ಶೆಡ್ಡು.
ಅಲ್ಲಿ, ಜನವರಿಯಿಡೀ ಜ್ಯಾಕಿನ ಮೇಲೆ,
ನನ್ನ ದೂರದಾರಿಯ ಬೈಕು,
ಎಂಟುನೂರ ಅರವತ್ತು ಪೌಂಡಿನ ಗಂಭೀರ ಹೆಂಗಸು,
ಸೀಟು ಬಿಚ್ಚಿ, ಪೆಟ್ಟಿಗೆ ಬಿಚ್ಚಿ,
ಲಂಗ ಎತ್ತಿ ಹಳ್ಳ ದಾಟುವವಳ ಹಾಗೆ ನಿಂತಿದೆ.

ಕಂಪನಿ ಕೊಟ್ಟ ಮಡ್‌ಗಾರ್ಡು ಕೆಟ್ಟದ್ದೇನಲ್ಲ.
ಸಂತೆಯ ಅಂಗಿ; ಎಲ್ಲರಿಗೂ ಆಗುತ್ತದೆ,
ಯಾರಿಗೂ ಒಪ್ಪುವುದಿಲ್ಲ.
ನನಗೆ ಉದ್ದದ್ದು ಬೇಕಿತ್ತು, ನೆಲದ ಕಡೆ ಇಳಿದು
ತುದಿಯಲ್ಲಿ ತುಸು ಮೇಲೆದ್ದದ್ದು.
ವೆಲ್ಡರ್ ಇಲ್ಮರಿ ತಕ್ಕಿನೆನ್ ತಗಡು ನೋಡಿದ, ನನ್ನ ನೋಡಿದ.
"ಅರವತ್ತೆಂಟಕ್ಕೆ ಬಾಲ ಬೆಳೆಸ್ತಿದ್ದೀಯ, ಓಪಲ್?"
"ನಾಲ್ಕೇ ಅಂಗುಲ" ಅಂದೆ.

ಬೆಸುಗೆಯ ಗೆರೆಯನ್ನು ಉಜ್ಜಿ ಉಜ್ಜಿ
ಬೆರಳಿಗೆ ಸಿಗದಷ್ಟು ಮಾಡಲು ಹನ್ನೊಂದು ಸಂಜೆ.
ಕಣ್ಣು ಸುಳ್ಳು ಹೇಳುತ್ತದೆ, ಅಂಗೈ ಹೇಳುವುದಿಲ್ಲ:
ಈ ಮಾತು ಕಲಿಸಿದವನು ಕ್ಲೆಟಸ್.
ಆಗ ಅವನಿಗೆ ಎರಡೂ ಇದ್ದವು.

ಇಪ್ಪತ್ತೆರಡು ಬೇಸಿಗೆ ಅವನು ಮುಂದೆ, ನಾನು ಹಿಂದೆ.
ಗಂಡನ ಮುಖಕ್ಕಿಂತ ಅವನ ಹಿಂದಿನ ದೀಪವನ್ನೇ
ಹೆಚ್ಚು ನೋಡಿದವಳು ನಾನು.
ಒಮ್ಮೆ ಹತ್ತಿ ಆರಿದರೆ ಜಿಂಕೆ;
ಎರಡು ಸಲವಾದರೆ ಕಾಫಿ;
ಹತ್ತಿಯೇ ಇದ್ದರೆ, ದಾರಿ ತಪ್ಪಿದ್ದಾನೆ, ಒಪ್ಪಿಕೊಳ್ಳುತ್ತಿಲ್ಲ.
ಅವನ ದೀಪ ಹೇಗಿತ್ತೆಂದು ಅವನು ಒಮ್ಮೆಯೂ ನೋಡಲಿಲ್ಲ.
ಬೆನ್ನು ನಮ್ಮದಾದರೂ
ಬೆನ್ನಿನ ದೀಪ ಹಿಂದೆ ಬರುವವರದು.

ಈಗ ಅವನ ಕಣ್ಣಿನ ನಡುವೆ ಒಂದು ಬೂದಿ ನಾಣ್ಯ.
ನೇರ ನೋಡಿದರೆ ನಾನಿಲ್ಲ; ಅಂಚಿನಲ್ಲಿ ಇದ್ದೇನೆ.
ತನ್ನ ಬೈಕು ಮಾರಿದ ದಿನ
ಕೀಲಿ ಮಾತ್ರ ಕೊಟ್ಟು, ಅದರ ಉಂಗುರ ಜೇಬಿಗೆ ಹಾಕಿಕೊಂಡ.

ದೀಪಕ್ಕೆ ನಾನು ಅಂಗಡಿ ಹತ್ತಲಿಲ್ಲ.
ಹದಿನಾಲ್ಕನೇ ನಂಬರಿನ ಬಸ್ಸು ಗುಜರಿಗೆ ಹೋದಾಗ
ಅದರ ಎರಡು ಕೆಂಪು ಗಾಜು ಬಿಚ್ಚಿಟ್ಟುಕೊಂಡಿದ್ದೆ.
ಇವು ಮಿಣುಕಿದರೆ ಸಾಕು, ಮರ ಹೇರಿದ ಲಾರಿಗಳೂ
ಹಲ್ಲು ಕಚ್ಚಿ ನಿಲ್ಲುತ್ತಿದ್ದವು,
ಒಂದು ಮಗು ಬಿದ್ದ ಕೈಗವಸು ಹೆಕ್ಕಿಕೊಳ್ಳುವವರೆಗೆ.
ತಗಡಿನಲ್ಲಿ ಕಿಂಡಿ ಕೊರೆದೆ. ಗಾಜಿನ ಹಿಂದೆ
ಎಲ್‌ಇಡಿಯ ಸಣ್ಣ ಜೋಳದ ಸಾಲು.
ತಂತಿಗಳನ್ನು ಜಡೆ ಹೆಣೆದು ಒಳ ಅಂಚಿಗೆ ಕಟ್ಟಿದೆ,
ಚಕ್ರ ತಿನ್ನದ ಹಾಗೆ.

ಬ್ರೇಕ್ ದೀಪ ನೋಡಲು ಇಬ್ಬರು ಬೇಕು:
ಒತ್ತಲೊಬ್ಬರು, ಹೇಳಲೊಬ್ಬರು.
ಕ್ಲೆಟಸ್ ಬಂದು ಬಣ್ಣದ ಡಬ್ಬಿ ಬೋರಲು ಹಾಕಿ ಹಿಂದೆ ಕೂತ.
ಒತ್ತಿದೆ. ಮಾತಿಲ್ಲ.
ಗಾಜಿನ ಮುಂದೆ ಅಂಗೈ ಹಿಡಿದ.
ಹಳೆಯ ಬಲ್ಬಾದರೆ ಬಿಸಿಯಾಗಿ ಹೇಳುತ್ತಿತ್ತು.
ಇದು ತಣ್ಣನೆಯ ಬೆಳಕು, ಅಂಗೈಗೂ ಗುಟ್ಟು ಬಿಡದು.
ನನಗಿದು ಹೊಳೆದೇ ಇರಲಿಲ್ಲ.
ಸುಮ್ಮನೆ ಎಡಗಡೆಯ ಇಂಡಿಕೇಟರ್ ಹಾಕಿದೆ. ಟಿಕಟಿಕಟಿಕಟಿಕ.
"ಅವಸರ ಮಾಡ್ತಿದೆ" ಅಂದ, "ಭಾರ ಸಾಲದು ಅದಕ್ಕೆ.
ಒಂದು ರೆಸಿಸ್ಟರ್ ಕಟ್ಟು."
ಕಟ್ಟಿದೆ. ಟಿಕ್. ಟಿಕ್. ಊಟವಾದವನ ನಡಿಗೆ.

ಮತ್ತೆ ಬ್ರೇಕ್ ಒತ್ತಿ ಕನ್ನಡಿಯಲ್ಲಿ ನೋಡಿದೆ:
ದೀಪದಿಂದ ಮುಖ ತಿರುಗಿಸಿ,
ಗೋಡೆಯ ಸ್ಪ್ಯಾನರುಗಳನ್ನು ಎಣಿಸುವವನಂತೆ ಕೂತು
ಕಡೆಗಣ್ಣಿನಿಂದ ನೋಡುತ್ತಿದ್ದ.
ಐವತ್ತು ವರ್ಷದ ಹಿಂದೆ ಪೋಲ್ಕಾ ಕುಣಿತದ ಹಾಲಿನಲ್ಲಿ
ಹೀಗೆಯೇ, ನನ್ನನ್ನಲ್ಲ ಎಂಬಂತೆ.
ಕೆನ್ನೆ, ಗಡ್ಡ, ಬಾಗಿಲಾಚೆಯ ಹಿಮ, ಎಲ್ಲ ಕೆಂಪು.
"ಹತ್ತಿದೆ" ಅಂದ. "ಬಸ್ಸಿನದಲ್ವಾ?"

ಏಪ್ರಿಲ್‌ಗೆ ರಸ್ತೆಯ ಉಪ್ಪು ತೊಳೆದು ಹೋಗುತ್ತದೆ.
ಹಿಂದಿನ ಸೀಟಿಗೆ ಒರಗು ಹಾಕಿಸಿದ್ದೇನೆ. ಅವನಿನ್ನೂ ಒಪ್ಪಿಲ್ಲ.
ಹೆಂಡತಿಯ ಹಿಂದೆ ಕೂತು ಮಿಸ್ಸೋಲಕ್ಕೆ ಹೋಗುವುದೆಂದರೆ
ಹಲ್ಲು ಕೀಳಿಸಿಕೊಂಡ ಹಾಗೆ ಅವನಿಗೆ.
ನಾನೂ ಒತ್ತಾಯಿಸಿಲ್ಲ.
ನಂಬರ್ ಪ್ಲೇಟಿನ ಬಿಳಿ ದೀಪಕ್ಕೆ ತಂತಿ ಗಿಡ್ಡವಾಯಿತು.
ನಾಳೆ ತರಬೇಕು. ಅರ್ಧ ಗಜ, ಕಪ್ಪು.