ಎರಡನೇ ಅಧ್ಯಾಯ: ಚೌಕಟ್ಟು

ಸೆಮರಾಂಗಿನ ಉತ್ತರದಂಚು. ಬೆಳಗಿನ ಒಂಬತ್ತು.
ಓಣಿಯಲ್ಲಿ ಪಾದ ಮುಳುಗುವಷ್ಟೇ ಉಬ್ಬರದ ನೀರು.
ರೋಬ್ ಎನ್ನುತ್ತಾರೆ ಇಲ್ಲಿ ಅದಕ್ಕೆ, ನೆಂಟರ ಹೆಸರಿನ ಹಾಗೆ:
ರೋಬ್ ಬಂತು, ರೋಬ್ ಹೋಯಿತು,
ಇವತ್ತು ಯಾಕೋ ರೋಬ್ ತಡ.

ನನ್ನ ಚೀಲದಲ್ಲಿ ನಲವತ್ತೆರಡು ಪ್ರಶ್ನೆ, ಒಂದು ಅಳತೆ ಟೇಪು,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ವಿಶ್ವವಿದ್ಯಾಲಯದ ಪತ್ರ.
ಪ್ರಬಂಧದ ಎರಡನೇ ಅಧ್ಯಾಯ ಮೂರು ಸಲ ವಾಪಸು ಬಂದಿದೆ.
'ಸೈದ್ಧಾಂತಿಕ ಚೌಕಟ್ಟು ಸಡಿಲ' ಎಂದು
ಕೆಂಪಿನಲ್ಲಿ ಬರೆದಿದ್ದಾರೆ ಪಾಕ್ ಹೆಂದ್ರಾರ್ತೊ,
ಸಡಿಲದ ಕೆಳಗೆ ಎರಡು ಗೆರೆ.

ಒಣಮೀನಿನ ತಟ್ಟೆ ಪಕ್ಕಕ್ಕೆ ಸರಿಸಿ ಬು ಕಸ್ಮಿನಾ ಒಳಗೆ ಕರೆದರು.
'ತಲೆ!' ಎಂದರು. ಅಷ್ಟರಲ್ಲಿ ಬಡಿದಾಗಿತ್ತು.
ಬಾಗಿಲು ನೂರ ಇಪ್ಪತ್ತೆಂಟು ಸೆಂಟಿಮೀಟರ್.
ಕಿಟಕಿಯ ಕಟ್ಟೆ ಈಗ ಕೂರುವ ಮಣೆ.
ದೀಪದ ಸ್ವಿಚ್ಚು ಮೊಣಕಾಲಿನ ಬಳಿ,
ಕಾಲ್ಬೆರಳಿನಲ್ಲೇ ಒತ್ತಿ ಹಚ್ಚಿದರು, ಅಭ್ಯಾಸವಾದವರ ಹಾಗೆ.

ಪ್ರಶ್ನೆ ಹದಿನೇಳು.
ನೆರೆಯ ನಂತರ ಚೇತರಿಸಿಕೊಳ್ಳುವ ನಿಮ್ಮ ಕುಟುಂಬದ ಶಕ್ತಿ:
ಒಂದರಿಂದ ಐದರೊಳಗೆ ಎಷ್ಟು?
'ಚೇತರಿಕೆ ಅಂದರೆ ಬಿದ್ದು ಏಳೋದಾ?' ಕೇಳಿದರು.
'ಬೀಳೋದಕ್ಕೆ ಒಣ ಜಾಗ ಎಲ್ಲಿದೆ ಮಗಳೇ ಇಲ್ಲಿ?
ಮೂರು ಅಂತ ಬರಕೋ.
ನಡುವೆ ಇದ್ದವರನ್ನು ಯಾರೂ ಮತ್ತೆ ಕೇಳೋಕೆ ಬರಲ್ಲ.'
ಬರೆದುಕೊಂಡೆ, ಮೂರು.

ನೆಲ ಯಾವ ಯಾವ ವರ್ಷ ಎತ್ತರಿಸಿದಿರಿ?
ಕರಿ ಬೆಕ್ಕು ಸತ್ತ ವರ್ಷ ಒಮ್ಮೆ.
ನಾದಿನಿಯ ಮದುವೆಗೆ ಮುಂಚೆ ಒಮ್ಮೆ,
ಅಲ್ಲ, ಮದುವೆಯಾದ ಮೇಲೆ.
ಉಳಿದದ್ದು ಯಾರಿಗೆ ನೆನಪು?
ನನ್ನ ಕೋಷ್ಟಕದಲ್ಲಿ ಬೆಕ್ಕಿಗೆ ಜಾಗವಿರಲಿಲ್ಲ.

ಟೇಪು ಮಡಿಸಲು ಬಗ್ಗಿದಾಗ ಕಂಡದ್ದು:
ಬಾಗಿಲ ಚೌಕಟ್ಟಿನ ತೇಗದ ಮೇಲೆ ಪೆನ್ಸಿಲ್ಲಿನ ಗೆರೆಗಳು.
ಪ್ರತಿ ಗೆರೆಗೂ ತಾರೀಕು. 'ತೆಗಾರ್, ಏಳು ವರ್ಷ.'
ಏಳು ವರ್ಷದ ಹುಡುಗನ ನೆತ್ತಿ
ನೆಲದಿಂದ ಮೂವತ್ತೆಂಟು ಸೆಂಟಿಮೀಟರ್ ಮೇಲೆ.
ಮೂರು ವರ್ಷದ ಗೆರೆ ಎಲ್ಲಿ ಎಂದೆ.
ಕಾಲಿನಿಂದ ಟೈಲ್ಸು ತಟ್ಟಿ ತೋರಿಸಿದರು. ಅಲ್ಲಿ, ಕೆಳಗೆ.

ಟ್ರಂಕಿನ ತಳದಲ್ಲಿತ್ತು ಲಸಿಕೆ ಚೀಟಿ,
ಮೂಲೆ ಇಲಿ ತಿಂದದ್ದು.
ಏಳನೇ ವರ್ಷ: ಎತ್ತರ ನೂರ ಹದಿನೇಳು.
ಅದರಲ್ಲಿ ಮೂವತ್ತೆಂಟು ಕಳೆದರೆ ಎಪ್ಪತ್ತೊಂಬತ್ತು.
ಹದಿನೆಂಟು ವರ್ಷಕ್ಕೆ ಎಪ್ಪತ್ತೊಂಬತ್ತು ಸೆಂಟಿಮೀಟರ್ ಮಣ್ಣು.
ಹತ್ತನೇ ವರ್ಷಕ್ಕೊಂದು ಲೆಕ್ಕ, ಹದಿಮೂರಕ್ಕೊಂದು.
ಉಪಗ್ರಹದ ನಕ್ಷೆ ಕೊಡದ ತಾರೀಕುಗಳನ್ನೆಲ್ಲ
ಒಬ್ಬ ತಾಯಿ, ಮಗ ಬೆಳೆದನೆಂಬ ಖುಷಿಗೆ
ಬರೆದಿಟ್ಟಿದ್ದಳು.
ಕೈ ನಡುಗಿ ಒಂದು ಸಂಖ್ಯೆ ತಪ್ಪಾಗಿ ಬರೆದೆ, ಹೊಡೆದುಹಾಕಿದೆ.

ತೆಗಾರ್ ಎಂದರೆ ನಮ್ಮ ಮಾತಿನಲ್ಲಿ ಅಲುಗದೆ ನಿಂತವನು.
ಮಧ್ಯಾಹ್ನ ಬಂದ, ಬೆನ್ನು ಬಾಗಿಸಿ, ಒಂದೊಂದೇ ಭುಜ ಒಳಗೆ ತಂದು.
ತೆಂಕಣ ಗುಡ್ಡ ಕಡಿದು ಮಣ್ಣು ತರುವ ಲಾರಿಯ ಡ್ರೈವರು.
ಓಣಿಯ ಅರ್ಧ ಮನೆಗಳಿಗೆ ನೆಲ ಹೊತ್ತು ತಂದವನು ಅವನೇ.
'ಗುಡ್ಡದ ಕಡೆಯವರೂ ಬೈತಾರೆ,' ಅಂದ,
ಮೀನಿನ ಮುಳ್ಳು ಬಿಡಿಸುತ್ತ. 'ಅಲ್ಲಿ ಮಳೆಗೆ ರಸ್ತೆ ಕುಸಿಯುತ್ತೆ.'
ಅದು ನನ್ನ ಪ್ರಶ್ನೆಪತ್ರಿಕೆಯಲ್ಲಿರಲಿಲ್ಲ.

ಪಾಕ್ ಹೆಂದ್ರಾರ್ತೊ ಉತ್ತರಿಸಿದರು: ಕುತೂಹಲಕರ.
ಆದರೆ ಒಂದೇ ಮನೆ. ಇನ್ನಷ್ಟು ಬಾಗಿಲು ಹುಡುಕು.
ಮೂರು ವಾರ ಹುಡುಕಿದೆ.
ಒಂದು ಚೌಕಟ್ಟಿಗೆ ಹೊಸ ಹಸಿರು ಬಣ್ಣ ಬಳಿದಿದ್ದರು,
ಒಂದು ಗೆದ್ದಲು ಹಿಡಿದು ಒಲೆ ಸೇರಿತ್ತು,
ಒಂದು ಮನೆಯಲ್ಲಿ ಗೆರೆ ಆರನೇ ವರ್ಷಕ್ಕೆ ನಿಂತಿತ್ತು.
ಅಲ್ಲಿ ಟೇಪು ತೆಗೆಯಲಿಲ್ಲ.
ಒಟ್ಟು ಹನ್ನೊಂದು ಸಿಕ್ಕವು.

ಚೀಟಿ ಮರಳಿಸಲು ಹೋದ ದಿನ
ಬು ಕಸ್ಮಿನಾ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು,
'ನಿಂತ್ಕೋ, ನಿನ್ನದೂ ಒಂದಿರಲಿ' ಎಂದರು.
ನಿಂತೆ, ಒಳಗಿನ ಗೋಡೆಗೆ ಬೆನ್ನು ಒತ್ತಿ.
ಚೌಕಟ್ಟು ನನ್ನ ಎದೆಯ ಹತ್ತಿರವೇ ಮುಗಿಯಿತು.
ಪೆನ್ಸಿಲ್ ಮರ ದಾಟಿ, ಸುಣ್ಣದ ಮೇಲೆ ಹತ್ತಿ,
ನೆತ್ತಿಯ ಬಳಿ ಗರ್ರೆಂದಿತು.
'ನಿಕೆನ್' ಎಂದು ಬರೆದರು, ತಾರೀಕು ನನ್ನನ್ನೇ ಕೇಳಿ.

'ನೀನಿನ್ನು ಬೆಳೆಯಲ್ಲ,' ನಕ್ಕರು,
'ಮುಂದಿನ ಸಲ ಬಾ. ಎಷ್ಟು ಎತ್ತರಾಗಿರ್ತೀಯೋ ನೋಡೋಣ.'