ಪೆನ್ಸಿಲ್ ಚುಕ್ಕಿ

ಸೋಮವಾರ ಬಂತು ಅದು, ರಟ್ಟಿನ ಡಬ್ಬಿಯಲ್ಲಿ,
ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಿನವೇ.
ಹೊತ್ತು ತಂದ ಹುಡುಗ ಎರಡು ಸಲ ಸೀನಿ
ಗೋಡೆಗೆ ನಾಲ್ಕು ತೂತು ಕೊರೆದ.
ಘಾಟು, ಸುಣ್ಣದ ಪುಡಿ, ಆಮೇಲೆ
ಬಾಗಿಲ ಪಕ್ಕ ಒಂದು ಹಸಿರು ಕಣ್ಣು.

ಹೆಡ್‌ಮಾಸ್ತರರು ಊದಿನಕಡ್ಡಿ ಹಚ್ಚಿ ಕಾಯಿ ಒಡೆಸಿದರು.
"ಇನ್ನ ಹೆಸರು ಕೂಗೂದಿಲ್ರೀ ಟೀಚರ್ರ,
ಬೆರಳು ಒತ್ತಿದ್ರ ಆತು, ಲೆಕ್ಕ ತಾನ ಮ್ಯಾಲೆ ಮುಟ್ಟತೈತಿ."
ಮ್ಯಾಲೆ ಅಂದರೆ ಎಲ್ಲಿ, ನಾನು ಕೇಳಲಿಲ್ಲ.
ಹಾವೇರಿಯೋ, ಬೆಂಗಳೂರೋ, ಮುಗಿಲೋ.

ಹತ್ತೊಂಬತ್ತು ವರ್ಷ ಕೂಗಿದ್ದೇನೆ.
ಒಂಬತ್ತನೇ ಇಯತ್ತೆ, ಬ ವಿಭಾಗ, ಅರವತ್ತೆರಡು ಹೆಸರು.
"ಗುಡ್ಡಪ್ಪ ಕದರಮಂಡಲಗಿ." "ಹಾಜರ್ರೀ."
"ಹೊಳಿಯವ್ವ ಬಾರ್ಕಿ." "ಹಾಜರ್ರಿ."
"ದಿಲ್‌ಶಾದ್‌ಬಾನು." "ಹಾಜರ್",
ಕಿಟಕಿ ಕಡೆ ನೋಡುತ್ತ "ರಿ"ಯನ್ನು ನುಂಗಿರುತ್ತಾಳೆ.
ದನಿಯಿಂದಲೇ ತಿಳಿಯುತ್ತಿತ್ತು ಯಾರಿಗೆ ನೆಗಡಿ,
ಯಾರ ಗಂಟಲು ಒಡೆದಿದೆ ರಜೆಯಲ್ಲಿ,
ಯಾರು ಉಂಡು ಬಂದಿಲ್ಲ.

ನೀಲಿಯಲ್ಲಿ ಬಂದವರು, ಕೆಂಪಿನಲ್ಲಿ ಬಾರದವರು.
ನಡುವೆ, ಯಾವ ಸುತ್ತೋಲೆಯೂ ಹೇಳದ
ನನ್ನದೊಂದು ಪೆನ್ಸಿಲ್ ಚುಕ್ಕಿ.

ಸೋಮವಾರ, ಗುರುವಾರ ಹೆಚ್ಚು ಬೀಳುತ್ತಿತ್ತು.
ಅವ್ವನ ಜೊತೆ ದಲಾಲಿ ಅಂಗಡಿಯಲ್ಲಿ
ನಸುಕಿನಿಂದ ತೊಟ್ಟು ಬಿಡಿಸಿ
ಹನ್ನೊಂದಕ್ಕೆ ಓಡಿ ಬರುವ ಹುಡುಗಿಯರು,
ಅಂಗೈ ಉರಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು
ಬಾಗಿಲಲ್ಲಿ "ಬರ್ಲ್ಯಾರೀ?" ಅನ್ನುವವರು.
"ಕಣ್ಣು ಒರಸ್ಕೋಬ್ಯಾಡ, ಮೊದ್ಲ ಕೈ ತೊಳಿ" ಅಂದು
ಚುಕ್ಕಿಯ ಮೇಲೆ ನೀಲಿ ಎಳೆಯುತ್ತಿದ್ದೆ.
ಚುಕ್ಕಿ ಕಾಯುತ್ತಿತ್ತು. ಅಷ್ಟೇ ಅದರ ಕೆಲಸ.

ಯಂತ್ರ ಹತ್ತೂ ಹತ್ತಕ್ಕೆ ಮುಚ್ಚುತ್ತದೆ.

ಮೊದಲ ಗುರುವಾರ ಹೊಳಿಯವ್ವ ಒಬ್ಬಳೇ
ಏದುಸಿರು ಬಿಡುತ್ತ ಹತ್ತೂ ಎಂಟಕ್ಕೆ ಮುಟ್ಟಿದಳು.
ಹೆಬ್ಬೆರಳು ಒತ್ತಿದಳು. ಕೆಂಪು ದೀಪ.
ವೇಲಿಗೆ ಒರೆಸಿ ಒತ್ತಿದಳು. ಕೆಂಪು.
ತೋರುಬೆರಳು. ಎಡಗೈ. ಉಗುಳು ಹಚ್ಚಿ ಒಮ್ಮೆ.
"ಬೆರಳು ಗುರುತಿಸಲಾಗುತ್ತಿಲ್ಲ" ಎಂದಿತು ಹೆಂಗಸಿನ ದನಿ,
ಅಚ್ಚ ಕನ್ನಡ, ನಮ್ಮ ಕಡೆಯದಲ್ಲ.
ಹಿಂದಿನ ಸಾಲು ನಕ್ಕಿತು.
ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದೆ.
ತೊಟ್ಟು ಬಿಡಿಸಿ ಬಿಡಿಸಿ ಬೆರಳ ಗೆರೆಗಳು
ಒರೆಸಿದ ಪಾಟಿಯ ಹಾಗೆ ನುಣ್ಣಗೆ.

ಸಿಟ್ಟು ಬಂತು. ಆ ಹಸಿರು ಕಣ್ಣಿಗೆ
ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ.

ಆದರೆ ಮರುದಿನ ಸಂಜೆ ಅದು ಒಂದು ಚೀಟಿ ಬಿಟ್ಟಿತು:
ಕ್ರಮ ಸಂಖ್ಯೆ ಮೂವತ್ತೊಂದು, ಮಾಲತೇಶ,
ಬೆರಳೇ ದಾಖಲಾಗಿಲ್ಲ.

ನನ್ನ ಪುಸ್ತಕದಲ್ಲಿ ಅವನು ನೀಲಿ.
ಸಂಕ್ರಾಂತಿಯಿಂದ ಇತ್ತ ಒಂದು ದಿನವೂ ಬಿಡದೆ ನೀಲಿ.
ಹೆಸರು ಕೂಗಿದಾಗ ದನಿಯೊಂದು ಬರುತ್ತಿತ್ತು,
ನಾನು ತಲೆ ತಗ್ಗಿಸಿ ಗೆರೆ ಎಳೆಯುತ್ತಿದ್ದೆ.
ದನಿಯಿಂದಲೇ ತಿಳಿಯುತ್ತಿತ್ತು ಅಂದೆನಲ್ಲ,
ಹೊಡೆದುಹಾಕಲೇ ಆ ಸಾಲು?
ಇರಲಿ.

ಗುಡ್ಡಪ್ಪನನ್ನು ಹೊರಗೆ ಕರೆದು ಕೇಳಿದೆ.
"ಹ್ಞೂಂರೀ, ಅವನ ಪಾಳಿ ನಾನ ಅಂತಿದ್ದೆ.
ಹೆಸರು ಹೊಡಿತೀರಿ ಅಂತ ಅಂಜಿದ್ನಿ.
ಅಂವ ಮೋಟೆಬೆನ್ನೂರ ರೋಡಿನ್ಯಾಗ
ಪಂಕ್ಚರ್ ಅಂಗಡ್ಯಾಗ ಅದಾನ್ರೀ."

ಶನಿವಾರ ಅರ್ಧ ದಿನ, ಬಸ್ಸು ಹಿಡಿದು ಹೋದೆ.
ನೀರಿನ ಬೋಗುಣಿಯಲ್ಲಿ ಟ್ಯೂಬು ಅದ್ದಿ
ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ.
ನನ್ನ ಕಂಡು ಎದ್ದು ಕೈ ಕಟ್ಟಿದ,
ಮೊಣಕೈತನಕ ನೀರು.
"ನನ್ ಹೆಸರು ಹೊಡದ್ರ್ಯಾ ಟೀಚರ್ರ?"
"ಇಲ್ಲ" ಅಂದೆ. ಅದೊಂದೇ ಹೊಳೆದದ್ದು.
ಮಾಲೀಕ ನನಗೆ ಚಹಾ ತರಿಸಿದ,
ಲಾರಿಯೊಂದು ಬಂದು ನಿಂತಿತು, ಅವನು ಜ್ಯಾಕು ಎತ್ತಿಕೊಂಡ.

ಮತ್ತೆ ಸೋಮವಾರ.
ಯಂತ್ರದ ಕೆಳಗೆ, ಗೋಡೆಯ ಸುಣ್ಣದ ಮೇಲೆ
ಪೆನ್ಸಿಲ್ಲಿನಿಂದ ಎರಡು ಚುಕ್ಕಿ ಇಟ್ಟೆ.
ಹನ್ನೊಂದಕ್ಕೆ ಹೊಳಿಯವ್ವ ಬಂದಳು, ಒಂದನ್ನು ಒರೆಸಿದೆ.
ಇನ್ನೊಂದು ಅಲ್ಲೇ ಇದೆ.
ನೋಡುವವರಿಗೆ ನೊಣದ ಹಿಕ್ಕೆ.